ಲಾಲ್‌ಬಾಗಿನ ಗಾಜಿನ ಮನೆ, ಆಟಿಕೆ ಇಟ್ಟಿಗೆಗಳಲ್ಲಿ: ಒಂದು ನಿರ್ಮಾಣದ ವಿವರ

ಲಾಲ್‌ಬಾಗಿನ ಗಾಜಿನ ಮನೆಯನ್ನು ಲೆಗೊ ಇಟ್ಟಿಗೆಗಳಲ್ಲಿ ಕಟ್ಟಲು ಕೂರುವವರು ಎಲ್ಲಕ್ಕಿಂತ ಮೊದಲು ಅದರ ಕಬ್ಬಿಣವನ್ನು ಎಷ್ಟು ದಪ್ಪಕ್ಕೆ ತೋರಿಸಬೇಕೆಂದು ತೀರ್ಮಾನಿಸಬೇಕಾಗುತ್ತದೆ. ಹೆಸರಿನಲ್ಲಿ ಗಾಜು ಇದ್ದರೂ ಆ ಕಟ್ಟಡದ ಎದುರು ನಿಂತಾಗ ಕಣ್ಣು ಹಿಡಿಯುವುದು ಕಂಬಗಳ ಸಾಲನ್ನು, ಅವುಗಳ ನಡುವಿನ ಕಮಾನುಗಳನ್ನು, ಮಾಡಿನ ಉದ್ದಕ್ಕೂ ಓಡುವ ತೆಳು ಪಟ್ಟಿಗಳನ್ನು. ಗಾಜು ಕಾಣುವುದು ಬಿಸಿಲು ಅದರ ಮೇಲೆ ಒಂದು ಕೋನದಲ್ಲಿ ಬಿದ್ದಾಗ ಮಾತ್ರ. ಈ ಮಾದರಿಯಲ್ಲಿ ನಾನು ಗಾಜಿನ ಮನೆಯನ್ನೂ ಅದರ ಸುತ್ತಲಿನ ಹೂಮಡಿಗಳನ್ನೂ ಕೆಲವು ಮರಗಳನ್ನೂ ಒಂದು ಹಲಗೆಯ ಮೇಲೆ, ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಇನ್ನೊಂದು ಹಲಗೆಯ ಮೇಲೆ ಕಟ್ಟಿದ್ದೇನೆ. ಯಾವ ತುಣುಕನ್ನು ಯಾಕೆ ಆರಿಸಿದೆ, ಯಾವುದನ್ನು ಯಾಕೆ ಬಿಟ್ಟೆ ಎಂಬುದನ್ನು ಮುಂದೆ ಕಟ್ಟುವವರಿಗೆ ಉಪಯೋಗವಾಗುವಂತೆ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಕಟ್ಟಡವನ್ನು ಆರಿಸಲು ಬಲವಾದ ಕಾರಣವಿದೆ. 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದರ ಅಡಿಗಲ್ಲು ಇಟ್ಟಾಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರಾನ್. ಎರಕದ ಕಬ್ಬಿಣದ ಭಾಗಗಳು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿದ್ದ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸ್ಯಾರಸನ್ ಫೌಂಡ್ರಿಯಿಂದ. ಆ ಕಾರ್ಖಾನೆ ಕಂಬ, ಬೋದಿಗೆ (ಕಂಬದ ತಲೆಯ ಭಾಗ), ಕಮಾನು, ಕಟಕಟೆ ಮೊದಲಾದವನ್ನು ಸಂಖ್ಯೆ ಹಾಕಿದ ಚಿತ್ರಪಟ್ಟಿಗಳ ಮೂಲಕ ದೇಶದೇಶಗಳಿಗೆ ಮಾರುತ್ತಿತ್ತು. ಈ ಮನೆಗೆ ಮಾದರಿಯೆಂದು ಹೇಳಲಾಗುವ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿಸಿದ್ದು ಕೂಡ ಒಂದೇ ಅಳತೆಯ ಗಾಜು, ಒಂದೇ ಅಳತೆಯ ಕಬ್ಬಿಣವನ್ನು ಸಾವಿರಾರು ಸಲ ಮರಳಿ ಬಳಸುವ ಕ್ರಮದಿಂದಲೇ. ಅಂದರೆ ನಮ್ಮ ಗಾಜಿನ ಮನೆ ಹುಟ್ಟಿನಿಂದಲೇ ಬಿಡಿಭಾಗಗಳ ಜೋಡಣೆ. ಅದನ್ನು ಬಿಡಿಭಾಗಗಳಲ್ಲೇ ಮರಳಿ ಕಟ್ಟುವಾಗ ಮೂಲದ ತರ್ಕವೇ ಕೈಹಿಡಿದು ನಡೆಸುತ್ತದೆ. ಒಂದು ಅಂಕಣವನ್ನು, ಅಂದರೆ ಎರಡು ಕಂಬಗಳ ನಡುವಿನ ಒಂದು ಜಾಗವನ್ನು, ಸರಿಯಾಗಿ ಕಟ್ಟಿ ಮುಗಿಸಿದರೆ ಉಳಿದದ್ದು ಅದರ ಪುನರಾವರ್ತನೆ. ಆದ್ದರಿಂದ ನನ್ನ ಕೆಲಸದ ದೊಡ್ಡ ಪಾಲು ಒಂದೇ ಒಂದು ಅಂಕಣದ ಮೇಲೆ ಹೋಯಿತು.

ಅಳತೆ ಪ್ರಮಾಣದಿಂದ ಆರಂಭಿಸುತ್ತೇನೆ. ಲೆಗೊ ಗೊಂಬೆಯ ಎತ್ತರ ಸುಮಾರು 4 ಸೆಂಟಿಮೀಟರ್. ಗೊಂಬೆಗೆ ತಕ್ಕ ಅಳತೆಯಲ್ಲಿ ಗಾಜಿನ ಮನೆಯನ್ನು ಕಟ್ಟಿದರೆ ಅದು ಒಂದು ಕೋಣೆಯನ್ನೇ ತುಂಬೀತು. ನಾನು ಒಂದು ಬ್ರಿಕ್ಕಿನ ಎತ್ತರವನ್ನು, ಅಂದರೆ 9.6 ಮಿಲಿಮೀಟರನ್ನು, ಒಬ್ಬ ಮನುಷ್ಯನ ಎತ್ತರವೆಂದು ಹಿಡಿದೆ. ಆಗ ಪ್ರಮಾಣ ಸುಮಾರು 1:170 ಆಗುತ್ತದೆ. ಇಟ್ಟಿಗೆಯ ಮೇಲಿನ ದುಂಡು ಗುಬ್ಬಿಗೆ ಸ್ಟಡ್ ಎಂದೂ ತೆಳು ಇಟ್ಟಿಗೆಗೆ ಪ್ಲೇಟ್ ಎಂದೂ ಹೆಸರು. ಒಂದು ಸ್ಟಡ್‌ನಿಂದ ಮುಂದಿನ ಸ್ಟಡ್‌ಗಿರುವ 8 ಮಿಲಿಮೀಟರ್ ಅಂತರ ನೆಲದ ಮೇಲೆ 1.36 ಮೀಟರಿಗೆ ಸಮ, 3.2 ಮಿಲಿಮೀಟರ್ ದಪ್ಪದ ಒಂದು ಪ್ಲೇಟ್ ಸುಮಾರು 54 ಸೆಂಟಿಮೀಟರಿಗೆ ಸಮ. ಮುಖ್ಯ ಹಲಗೆಗೆ ಉದ್ದಗಲ 96 ಸ್ಟಡ್ ಇಟ್ಟೆ. ಅದು 77 ಸೆಂಟಿಮೀಟರ್ ಚೌಕ, ಲಾಲ್‌ಬಾಗಿನ ನೆಲದಲ್ಲಿ ಸುಮಾರು 130 ಮೀಟರ್ ಚೌಕ. ತೋಟದ ವಿಸ್ತಾರ 240 ಎಕರೆ ಇರುವಾಗ ಇದು ತೀರ ಸಣ್ಣ ತುಂಡು. ಹಾಗಾಗಿ ಕೆರೆಯನ್ನೂ ಹೂವಿನ ಗಡಿಯಾರವನ್ನೂ ಎಳೆದು ತಂದು ಗಾಜಿನ ಮನೆಯ ಪಕ್ಕದಲ್ಲಿ ಕೂರಿಸುವ ಆಸೆಯನ್ನು ಬಿಟ್ಟೆ. ದೂರಗಳನ್ನು ಕುಗ್ಗಿಸಿದ ತೋಟ ತೋಟವಾಗಿ ಉಳಿಯುವುದಿಲ್ಲ. ಅಲ್ಲಿನ ನಡಿಗೆಯ ಅನುಭವವೇ ಅದರಲ್ಲಿ ಕಳೆದುಹೋಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಈ ಪ್ರಮಾಣದಲ್ಲಿ ಕಂಬದ ಸಮಸ್ಯೆ ತಕ್ಷಣ ಎದುರಾಗುತ್ತದೆ. ಲೆಗೊದಲ್ಲಿ ಸಿಗುವ ಅತ್ಯಂತ ತೆಳುವಾದ ಗಟ್ಟಿ ಕಂಬವೆಂದರೆ 3.18 ಮಿಲಿಮೀಟರ್ ವ್ಯಾಸದ ಬಾರ್. ಅದನ್ನು 170ರಿಂದ ಗುಣಿಸಿದರೆ ಅರ್ಧ ಮೀಟರಿಗೂ ಹೆಚ್ಚಾಗುತ್ತದೆ. ನಿಜದ ಎರಕದ ಕಂಬ ಅದರ ಅರ್ಧದಷ್ಟೂ ದಪ್ಪವಿಲ್ಲ. ಕಂಬಗಳ ಸಂಖ್ಯೆಯನ್ನು ನಿಜದಷ್ಟೇ ಇಟ್ಟರೆ ಮಾದರಿಯ ಪಕ್ಕದ ನೋಟ ಸರಳುಗಳ ಪಂಜರವಾಗುತ್ತದೆ, ಗಾಳಿಯಾಡುವ ಆ ತೆರೆದ ಗುಣ ಮಾಯವಾಗುತ್ತದೆ. ನಾನು ಎರಡು ಅಂಕಣಗಳನ್ನು ಸೇರಿಸಿ ಒಂದು ಮಾಡಿದೆ. ಕಂಬಗಳ ಎಣಿಕೆ ತಪ್ಪಿತು, ಆದರೆ ಕಬ್ಬಿಣಕ್ಕೂ ಬಯಲಿಗೂ ಇರುವ ಪರಸ್ಪರ ಪ್ರಮಾಣ ಉಳಿಯಿತು. ಸಣ್ಣ ಅಳತೆಯ ಮಾದರಿಯಲ್ಲಿ ಈ ಎರಡರಲ್ಲಿ ಒಂದನ್ನು ಕಳೆದುಕೊಳ್ಳಲೇಬೇಕಾದರೆ ಎಣಿಕೆಯನ್ನು ಕಳೆದುಕೊಳ್ಳುವುದೇ ಸರಿ.

ಅಂಕಣದ ರಚನೆ ಹೀಗಿದೆ. ಕಂಬಕ್ಕೆ 32 ಮಿಲಿಮೀಟರ್ ಉದ್ದದ ಬಾರ್. ಅದರ ಬುಡ ತೂತಿರುವ ಸ್ಟಡ್‌ನ ದುಂಡು ಪ್ಲೇಟಿನಲ್ಲಿ ಕೂರುತ್ತದೆ. ನೆತ್ತಿ ಒಂದು ದುಂಡು ಬ್ರಿಕ್ಕಿನೊಳಗೆ ತೂರುತ್ತದೆ, ಅದೇ ಬೋದಿಗೆಯಾಗಿ ಕಾಣುತ್ತದೆ. ಎರಡು ಬೋದಿಗೆಗಳ ನಡುವೆ ಮೂರು ಸ್ಟಡ್ ಅಗಲದ ಕಮಾನು ಬ್ರಿಕ್. ಹೀಗೆ ಕಂಬದಿಂದ ಕಂಬಕ್ಕೆ ನಾಲ್ಕು ಸ್ಟಡ್ ಅಂತರವಾಗುತ್ತದೆ. ಕಮಾನು ಮತ್ತು ಬೋದಿಗೆಗಳ ಮೇಲೆ ಉದ್ದನೆಯ ಪ್ಲೇಟುಗಳನ್ನು ಎರಡು ಪದರದಲ್ಲಿ, ಒಂದರ ಸಂದು ಇನ್ನೊಂದರ ಸಂದಿನ ಮೇಲೆ ಬಾರದಂತೆ ಹಾಸಿದರೆ ಇಡೀ ಸಾಲು ಒಂದೇ ತೊಲೆಯಾಗಿ ಬಿಗಿಯುತ್ತದೆ. ಈ ಎರಡನೆಯ ಪದರವನ್ನು ಉಳಿತಾಯಕ್ಕೆಂದು ಬಿಡಬಾರದು. ಬಾರ್‌ಗಳು ನೇರ ಭಾರವನ್ನು ಚೆನ್ನಾಗಿ ತಡೆಯುತ್ತವೆ, ಪಕ್ಕದ ತಳ್ಳುವಿಕೆಯನ್ನು ತಡೆಯುವುದಿಲ್ಲ. ಮೇಲಿನ ತೊಲೆ ಬಿಗಿಯಾಗಿದ್ದಾಗ ಮಾತ್ರ ಸಾಲು ವಾಲದೆ ನಿಲ್ಲುತ್ತದೆ.

ಮಾಡು ಇಡೀ ಕೆಲಸದ ಕಠಿಣ ಭಾಗ, ರುಚಿಯ ಭಾಗವೂ ಹೌದು. ಗಾಜಿನ ಮನೆ ಶಿಲುಬೆಯಾಕಾರದಲ್ಲಿದೆ. ಪ್ರತಿ ತೋಳಿನಲ್ಲೂ ನಡುವಿನ ಎತ್ತರದ ಮಾಡು, ಅದರ ಎರಡು ಬದಿಗೆ ತಗ್ಗಿನ ಮಾಡು, ಇವೆರಡರ ಮಧ್ಯೆ ಬೆಳಕು ಬರುವ ನೇರವಾದ ಪಟ್ಟಿ; ನಾಲ್ಕು ತೋಳುಗಳು ಕೂಡುವಲ್ಲಿ ಎಲ್ಲಕ್ಕಿಂತ ಎತ್ತರ. ನಡುವಿನ ಮಾಡಿಗೆ ಎಂಟು ಸ್ಟಡ್ ಅಗಲ ಕೊಟ್ಟೆ, ಅಂದರೆ ಶಿಖರದಿಂದ ಪ್ರತಿ ಬದಿಗೆ ನಾಲ್ಕು. ತೋಳಿನ ತುದಿಯ ತ್ರಿಕೋನ ಚೌಕಟ್ಟು ಶಿಖರದಲ್ಲೂ ಗೋಡೆಯ ತಲೆಯಲ್ಲೂ ಬಿಗಿಯಾಗಿ ಸೇರಬೇಕಾದರೆ ಓರೆಯ ಉದ್ದ ಪೂರ್ಣ ಸ್ಟಡ್‌ಗಳಲ್ಲೇ ಬರಬೇಕು. ಇಲ್ಲಿ ಶಾಲೆಯಲ್ಲಿ ಕಲಿತ 3, 4, 5ರ ಲಂಬಕೋನ ತ್ರಿಭುಜ ನೆರವಿಗೆ ಬರುತ್ತದೆ: ಅಡ್ಡಕ್ಕೆ ನಾಲ್ಕು ಸ್ಟಡ್, ಎತ್ತರಕ್ಕೆ ಮೂರು, ಓರೆಗೆ ಐದು. ತೊಡಕು ಎತ್ತರದಲ್ಲಿದೆ. ಮೂರು ಸ್ಟಡ್ ಎಂದರೆ 24 ಮಿಲಿಮೀಟರ್. ಪ್ಲೇಟುಗಳಲ್ಲಿ ಅದು ಏಳೂವರೆ, ಮತ್ತು ಅರ್ಧ ಪ್ಲೇಟ್ ಎಂಬ ತುಣುಕು ಇಲ್ಲ. ಆದರೆ ಎಲ್ ಆಕಾರದ ಬ್ರ್ಯಾಕೆಟ್ಟಿನ ನಿಂತ ಗೋಡೆಯ ದಪ್ಪ 1.6 ಮಿಲಿಮೀಟರ್, ಸರಿಯಾಗಿ ಅರ್ಧ ಪ್ಲೇಟ್. ಶಿಖರದ ತೊಲೆಯನ್ನು ಪಕ್ಕಕ್ಕೆ ಮಲಗಿಸಿ ಕಟ್ಟಿ, ಒಂದು ಬ್ರ್ಯಾಕೆಟ್ಟನ್ನು ನಡುವೆ ಸೇರಿಸಿದಾಗ ಆ ಅರ್ಧ ದೊರೆಯುತ್ತದೆ, ತ್ರಿಕೋನ ಯಾವ ಒತ್ತಡವೂ ಇಲ್ಲದೆ ಮುಚ್ಚಿಕೊಳ್ಳುತ್ತದೆ. ಒತ್ತಿ ಬಗ್ಗಿಸಿ ಕೂರಿಸಿದ ಜೋಡಣೆ ಮೊದಲಿಗೆ ನಿಂತಂತೆ ಕಂಡರೂ ವರ್ಷ ಕಳೆದಂತೆ ಹಿಂಜನ್ನು, ಅಂದರೆ ಓರೆಗೆ ತಿರುಗಿಸುವ ಕೀಲನ್ನು, ಸೀಳುತ್ತದೆ. ಅಳತೆ ತಾನಾಗಿ ಕೂಡಿಬರುವವರೆಗೆ ಕಾಯುವುದರಲ್ಲಿ ಅರ್ಥವಿದೆ.

ಗಾಜಿಗೆ ಆರು ಸ್ಟಡ್ ಅಗಲ, ಐದು ಬ್ರಿಕ್ ಎತ್ತರದ ಪಾರದರ್ಶಕ ಪ್ಯಾನೆಲನ್ನು ಬಳಸಿದೆ. ಆರು ಸ್ಟಡ್ ಎಂದರೂ 48 ಮಿಲಿಮೀಟರ್, ಐದು ಬ್ರಿಕ್ ಎಂದರೂ 48 ಮಿಲಿಮೀಟರ್. ಲೆಗೊ ಅಳತೆಗಳಲ್ಲಿ ಅಡ್ಡವೂ ಉದ್ದವೂ ಹೀಗೆ ಸಮನಾಗಿ ಕೂಡುವ ಜಾಗಗಳನ್ನು ನೆನಪಿಟ್ಟುಕೊಂಡವರಿಗೆ ಓರೆ ಮಾಡು ಅರ್ಧ ಒಲಿದಂತೆಯೇ. ಪ್ಯಾನೆಲಿನ ಬುಡವನ್ನು ಶಿಖರದ ಹಿಂಜಿಗೆ ಸೇರಿಸಿ ತಲೆಯನ್ನು ಕೆಳಕ್ಕೆ ಇಳಿಬಿಟ್ಟಿದ್ದೇನೆ. ಅದರ ಕೆಳತುದಿ ಗೋಡೆಗೆ ಅಂಟಿಲ್ಲ, ಸುಮ್ಮನೆ ಒರಗಿ ಸುಮಾರು ಒಂದು ಸ್ಟಡ್‌ನಷ್ಟು ಮುಂದಕ್ಕೆ ಸೂರಾಗಿ ಚಾಚಿದೆ. ಆ ತುದಿಯಲ್ಲಿ ಹೊರಗೆ ಕಾಣುವ ಆರು ಸ್ಟಡ್‌ಗಳ ಮೇಲೆ ಒಂದು ಉದ್ದ ಟೈಲ್ (ಸ್ಟಡ್ ಇಲ್ಲದ ನುಣುಪು ತುಣುಕು) ಹಾಕಿದಾಗ ಮಳೆನೀರಿನ ದೋಣಿಯೂ ಆಯಿತು. ಒಳಗಿನ ಮಡಿಗಳನ್ನು ಬದಲಿಸಬೇಕಾದಾಗ ಮಾಡನ್ನು ಡಬ್ಬಿಯ ಮುಚ್ಚಳದಂತೆ ಎತ್ತಬಹುದು.

ಕಂಬಗಳ ಅಂತರ ನಾಲ್ಕು ಸ್ಟಡ್, ಪ್ಯಾನೆಲಿನ ಅಗಲ ಆರು. ಹಾಗಾಗಿ ಮೂರು ಅಂಕಣಕ್ಕೆ ಎರಡು ಪ್ಯಾನೆಲ್ ಬಂದು, ಪ್ರತಿ 12 ಸ್ಟಡ್‌ಗೊಮ್ಮೆ ಮಾಡಿನ ಸಂದೂ ಕಂಬವೂ ಒಂದೇ ಗೆರೆಗೆ ಸೇರುತ್ತವೆ. ಪ್ರತಿ ತೋಳಿನ ಉದ್ದವನ್ನು ಈ 12ರ ಗುಣಕದಲ್ಲೇ ಇಟ್ಟೆ. 1935ರಲ್ಲಿ ಗಾಜಿನ ಮನೆಯನ್ನು ವಿಸ್ತರಿಸಲಾಯಿತು. ನಾನು ಕಟ್ಟಿದ್ದು ವಿಸ್ತರಣೆಯ ನಂತರದ, ಇಂದು ನಾವು ಕಾಣುವ ರೂಪವನ್ನು. ಪ್ಯಾನೆಲುಗಳ ಸಂದಿನ ಮೇಲೆ ತೆಳು ಬಾರ್‌ಗಳನ್ನು ಕ್ಲಿಪ್ಪಿನಿಂದ ಹಿಡಿಸಿರುವುದರಿಂದ ಸಂದು ಮುಚ್ಚುತ್ತದೆ, ಮಾಡಿಗೆ ಕಬ್ಬಿಣದ ಪಟ್ಟಿಗಳ ಲಯವೂ ಬರುತ್ತದೆ.

ಇನ್ನು ಗಾಜು ಎಷ್ಟಿರಬೇಕು ಎಂಬ ಪ್ರಶ್ನೆ. ಪಾರದರ್ಶಕ ತುಣುಕುಗಳನ್ನು ಎಲ್ಲೆಡೆ ತುಂಬಿ ನೋಡಿದಾಗ ಕಟ್ಟಡ ಭಾರವಾಗಿ, ಮಂಜುಗಟ್ಟಿದ ಹಾಗೆ ಕಂಡಿತು, ಏಕೆಂದರೆ ಈ ಪ್ಲಾಸ್ಟಿಕ್ಕಿನ ಅಂಚುಗಳು ಬೆಳಕನ್ನು ಹಿಡಿದು ಬಿಳಿಚಿಕೊಳ್ಳುತ್ತವೆ ಮತ್ತು ಒಂದರ ಹಿಂದೆ ಒಂದು ಬಂದಾಗ ಆಚೆಯ ನೋಟವನ್ನು ಮಸುಕುಗೊಳಿಸುತ್ತವೆ. ಅದಕ್ಕಿಂತ ದೊಡ್ಡ ಮಾತೆಂದರೆ, ಗಾಜಿನ ಮನೆಯ ಕೆಳಭಾಗ ನಿಜವಾಗಿಯೂ ತೆರೆದೇ ಇದೆ. ಚಳಿನಾಡಿನ ಗಾಜಿನ ಮನೆ ಬಿಸಿಯನ್ನು ಒಳಗೆ ಹಿಡಿದಿಡಲು ಕಟ್ಟಿದ್ದು. ಬೆಂಗಳೂರಿನ ಹವೆಗೆ ಬೇಕಾದದ್ದು ಮಳೆಯನ್ನು ತಡೆದು, ಬೆಳಕನ್ನು ಬಿಟ್ಟುಕೊಟ್ಟು, ಗಾಳಿಗೆ ದಾರಿ ಮಾಡಿಕೊಡುವ ಚಪ್ಪರ. ಆದ್ದರಿಂದ ನಾನು ನಡುವಿನ ಮಾಡಿಗೆ ಮಾತ್ರ ಗಾಜು ಇಟ್ಟೆ. ತಗ್ಗಿನ ಮಾಡಿಗೆ ಸಾಲುಗೀರಿನ ಟೈಲುಗಳು, ನಡುವಿನ ನೇರ ಪಟ್ಟಿಗೆ ಜಾಲರಿ ಬೇಲಿಯ ತುಣುಕುಗಳು, ಕಂಬಗಳ ನಡುವೆ ಏನೂ ಇಲ್ಲ. ನೋಡುವವರು ಜಾಲರಿಯ ಹಿಂದೆ ಗಾಜನ್ನು ತಾವೇ ಊಹಿಸಿಕೊಳ್ಳುತ್ತಾರೆ. ಕಬ್ಬಿಣಕ್ಕೆ ಬಿಳಿಯ ಬದಲು ತಿಳಿಬೂದು ಬಣ್ಣವನ್ನು ಆರಿಸಿದ್ದೂ ಇದೇ ಕಾರಣಕ್ಕೆ: ಪಾರದರ್ಶಕ ತುಣುಕಿನ ಪಕ್ಕದಲ್ಲಿ ಬಿಳಿ ತನ್ನ ಗೆರೆಯನ್ನು ಕಳೆದುಕೊಳ್ಳುತ್ತದೆ, ಬೂದು ಉಳಿಸಿಕೊಳ್ಳುತ್ತದೆ.

ಲೆಗೊ ಸಂಸ್ಥೆ 2024ರಲ್ಲಿ ಸಸ್ಯೋದ್ಯಾನದ್ದೇ ಒಂದು ದೊಡ್ಡ ಪೆಟ್ಟಿಗೆಯನ್ನು ಹೊರತಂದಿತು. 3792 ತುಣುಕುಗಳು, 12 ಗೊಂಬೆಗಳಿರುವ ಅದು ಗೊಂಬೆಯ ಅಳತೆಯ ಗಾಜಿನ ಮನೆ. ಗೊಂಬೆಯ ಅಳತೆಯಲ್ಲಿ ಒಂದೊಂದು ಗಿಡವನ್ನೂ ಎಲೆ ಎಲೆಯಾಗಿ ತೋರಿಸಬಹುದು, ಆದರೆ ಕಟ್ಟಡವನ್ನು ಕುಗ್ಗಿಸಬೇಕಾಗುತ್ತದೆ. ನನ್ನ ಅಳತೆಯಲ್ಲಿ ಕಟ್ಟಡ ಪೂರ್ತಿಯಾಗಿ ಬರುತ್ತದೆ, ಗಿಡಗಳು ಬಣ್ಣದ ಚುಕ್ಕೆಗಳಾಗುತ್ತವೆ. ಎರಡೂ ಒಪ್ಪತಕ್ಕ ದಾರಿಗಳು. ನನಗೆ ಮರಗಳು ಕಟ್ಟಡಕ್ಕಿಂತ ಎತ್ತರವಾಗಿ ನಿಲ್ಲುವುದನ್ನು ತೋರಿಸಬೇಕಿತ್ತು.

ಆ ಮರಗಳ ಮಾತಿಗೆ ಬರುತ್ತೇನೆ, ಏಕೆಂದರೆ ಸಸ್ಯತೋಟದ ಮಾದರಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕಟ್ಟಡಕ್ಕೆ ಶ್ರಮಪಟ್ಟವರು ಕೂಡ ಮರವೆಂದರೆ ಕಂದು ಕೋಲಿನ ಮೇಲೆ ಹಸಿರು ಗುಪ್ಪೆ ಎಂದು ಮುಗಿಸಿಬಿಡುತ್ತಾರೆ, ಇಲ್ಲವೇ ಎಲ್ಲ ಮರಗಳಿಗೂ ಒಟ್ಟಿಗೆ ಹೂ ಬಿಡಿಸುತ್ತಾರೆ. ಬೆಂಗಳೂರಿನ ಮಟ್ಟಿಗೆ ಇದು ತೋಟಗಾರಿಕೆಯ ಚರಿತ್ರೆಗೇ ವಿರುದ್ಧ. ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರ ಜಿ.ಎಚ್. ಕೃಂಬಿಗಲ್ ಅವರು ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಆರಂಭವಾಗುವಂತೆ ಮರಗಳನ್ನು ಆರಿಸಿ ನಗರದ ಬೀದಿಗಳಲ್ಲಿ ನೆಡಿಸಿದರು. ಸರದಿಯೇ ಇಲ್ಲಿನ ಸೊಬಗು. ಹಾಗಾಗಿ ಮಾದರಿಗೆ ಒಂದು ತಿಂಗಳನ್ನು ಗೊತ್ತುಮಾಡಿಕೊಳ್ಳಲೇಬೇಕು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ಜನವರಿಯನ್ನು ನಾನು ಆರಿಸಿದೆ, ಮತ್ತು ಪ್ರತಿ ಮರವನ್ನೂ ಜನವರಿಯಲ್ಲಿ ಅದು ಹೇಗಿರುತ್ತದೆಯೋ ಹಾಗೆ ಕಟ್ಟಿದೆ.

ಬಿಳಿ ಬೂರುಗ ಆ ಕಾಲಕ್ಕೆ ಎಲೆ ಉದುರಿಸಿ ನಿಂತಿರುತ್ತದೆ. ಅದಕ್ಕೆ ಒಂದೂ ಹಸಿರು ತುಣುಕು ಹಾಕಲಿಲ್ಲ. ಕಾಂಡವನ್ನು ಬೂದು ದುಂಡು ಬ್ರಿಕ್ಕುಗಳಲ್ಲಿ ಏರಿಸಿ, ಬುಡದಲ್ಲಿ ಹಲಗೆಯಂತೆ ಹರಡುವ ಬೇರುಗಳಿಗೆ ಓರೆ ಮೈಯ ಪುಟ್ಟ ತುಣುಕುಗಳಾದ ಚೀಸ್ ಸ್ಲೋಪ್‌ಗಳನ್ನು ಐದು ದಿಕ್ಕಿಗೆ ಇಳಿಸಿದೆ. ಮೇಲಿನ ಕೊಂಬೆಗಳು ಕಾಂಡಕ್ಕೆ ಹೆಚ್ಚು ಕಡಿಮೆ ಅಡ್ಡವಾಗಿ ಚಾಚುವುದು ಈ ಮರದ ಗುರುತಾದ್ದರಿಂದ ಬೋಳು ಕೊಂಬೆಯ ತುಣುಕುಗಳನ್ನು ಮಟ್ಟಸವಾಗಿ ಕ್ಲಿಪ್ಪಿಗೆ ಸಿಕ್ಕಿಸಿದೆ. ಮಾವು ಜನವರಿಯಲ್ಲಿ ಹೂ ಬಿಡುವ ಹೊತ್ತು. ಕಡುಹಸಿರಿನ ದಟ್ಟ ಗುಂಡು ತಲೆಯ ಮೇಲ್ಮೈಯಲ್ಲಿ ಮಾತ್ರ ತಿಳಿ ಕಂದಿನ ಸಣ್ಣ ತುಣುಕುಗಳನ್ನು ಚದುರಿಸಿದರೆ ಹೂಗೊಂಚಲಿನ ಭಾವ ಬರುತ್ತದೆ. ಗುಲ್ಮೊಹರ್ ಕೆಂಪಾಗುವುದು ಬೇಸಿಗೆಯಲ್ಲಿ. ಈಗ ಅದರಲ್ಲಿ ಇರುವುದು ತೆಳು ಎಲೆ ಮತ್ತು ನೇತಾಡುವ ಉದ್ದನೆಯ ಒಣ ಕಾಯಿಗಳು, ಅವುಗಳಿಗೆ ಕಡುಕಂದು ಬಣ್ಣದ ಕಿರಿದಾದ ಬಾರ್‌ಗಳು ಸಾಕು. ನೋಡಿದವರಲ್ಲಿ ಕೆಲವರು ಇಷ್ಟು ದೊಡ್ಡ ಹೂತೋಟದಲ್ಲಿ ಮರಗಳೇಕೆ ಬೋಳು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರಿಸುವ ಅವಕಾಶವೇ ನನಗೆ ಈ ಮಾದರಿಯಲ್ಲಿ ಹೆಚ್ಚು ಪ್ರಿಯವಾದದ್ದು.

ಗಾಜಿನ ಮನೆಯ ಬಳಿಯ ಅರಾಕೇರಿಯಾ ಮರಗಳಿಗೆ ಬೇರೆಯೇ ವಿಧಾನ ಬೇಕಾಯಿತು. ಎಲ್ಲರೂ ಕ್ರಿಸ್ಮಸ್ ಮರವೆಂದು ಕರೆಯುವ ಇದು ಅಗಲವಾಗಿ ಹರಡದೆ ಸ್ತಂಭದ ಹಾಗೆ ನೆಟ್ಟಗೆ ಏರುತ್ತದೆ. ಮೂರು ಎಲೆಗಳಿರುವ ಸಣ್ಣ ದುಂಡು ಪ್ಲೇಟುಗಳನ್ನು, ನಡುವೆ ಸಾದಾ ದುಂಡು ಪ್ಲೇಟು ಸೇರಿಸುತ್ತ, ಒಂದರ ಎಲೆ ಇನ್ನೊಂದರ ಎಲೆಯ ಮೇಲೆ ಬಾರದಂತೆ ತಿರುಗಿಸುತ್ತ ಪೇರಿಸಿದೆ. ಪೂರ್ತಿ ಎತ್ತರ 24 ಸೆಂಟಿಮೀಟರ್. ಗಾಜಿನ ಮನೆಯ ತೋಳುಗಳ ಶಿಖರ 9 ಸೆಂಟಿಮೀಟರನ್ನೂ ದಾಟುವುದಿಲ್ಲ ಎಂದಾಗ ಈ ಮರ ಮಾದರಿಯ ನೋಟವನ್ನು ಎಷ್ಟು ಬದಲಿಸುತ್ತದೆಂದು ತಿಳಿಯುತ್ತದೆ. ಈ ಜಾತಿಯ ಅರಾಕೇರಿಯಾ ಸಮಭಾಜಕ ವೃತ್ತದ ಕಡೆಗೆ ತುಸು ವಾಲಿ ಬೆಳೆಯುತ್ತದೆ. ನಮ್ಮಲ್ಲಿ ಅದು ದಕ್ಷಿಣ ದಿಕ್ಕು. ಬುಡದಲ್ಲಿ ಒಂದು ಹಿಂಜ್ ಪ್ಲೇಟ್ ಇಟ್ಟು ಮರಗಳನ್ನು ಕಂಡೂ ಕಾಣದಷ್ಟು ದಕ್ಷಿಣಕ್ಕೆ ಓರೆ ಮಾಡಿದ್ದೇನೆ.

ನೆಲ, ದಾರಿ, ಹುಲ್ಲು ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಳಗೆ ಪ್ಲೈವುಡ್, ಅದರ ಮೇಲೆ ಎರಡು ಪದರ ಪ್ಲೇಟ್. ಹುಲ್ಲಿನಲ್ಲಿ ಸ್ಟಡ್‌ಗಳನ್ನು ಕಾಣುವಂತೆ ಬಿಟ್ಟು ದಾರಿಗಳಿಗೆ ಮಾತ್ರ ನುಣುಪು ಟೈಲ್ ಹಾಕಿದರೆ ಎರಡಕ್ಕೂ ವ್ಯತ್ಯಾಸ ತಾನಾಗಿ ಹುಟ್ಟುತ್ತದೆ. ಹೂಮಡಿಗಳಲ್ಲಿ ಒಂದು ಸ್ಟಡ್ ಒಂದು ಮೀಟರಿಗೂ ಹೆಚ್ಚು ಅಗಲವಾದ್ದರಿಂದ ಒಂದು ಚುಕ್ಕೆಯನ್ನು ಒಂದು ಹೂವೆಂದು ಎಣಿಸದೆ ಒಂದು ಪೊದೆಯೆಂದು ಎಣಿಸಬೇಕು. ಬಣ್ಣಗಳನ್ನು ಬೆರೆಸದೆ, ಚೆಂಡುಹೂವಿನ ಕಿತ್ತಳೆ, ಸಾಲ್ವಿಯಾದ ಕೆಂಪು, ಪೆಟೂನಿಯಾದ ನೇರಳೆ ಎಂದು ಮಡಿಗೊಂದು ಬಣ್ಣದಂತೆ ಹಾಕಿದೆ. ತೋಟದ ಮಾಲಿಗಳು ಮಾಡುವುದೂ ಹೀಗೆಯೇ. ಪ್ರದರ್ಶನದ ದಿನಗಳಲ್ಲಿ ಗಾಜಿನ ಮನೆಯ ನಡುವೆ ಪ್ರತಿ ಸಲವೂ ಹೂಗಳಿಂದ ಬೇರೊಂದು ಆಕೃತಿಯನ್ನು ಕಟ್ಟುವ ರೂಢಿ ಇರುವುದರಿಂದ, ಕೂಡುಭಾಗದ ನೆಲದಲ್ಲಿ ಆರು ಸ್ಟಡ್ ಚೌಕದ ಒಂದು ಬಿಡಿ ತಟ್ಟೆಯನ್ನು ಬಿಟ್ಟಿದ್ದೇನೆ. ಅದರ ಮೇಲಿನದ್ದನ್ನು ಮಾತ್ರ ಹೊಸದಾಗಿ ಕಟ್ಟಿ ಕೂರಿಸಬಹುದು.

ಬಂಡೆಯ ಹಲಗೆ 32 ಸ್ಟಡ್ ಚೌಕ. ಲಾಲ್‌ಬಾಗಿನ ಈ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಲೆಗೊದಲ್ಲಿ ಬಂಡೆ ಕಟ್ಟುವವರು ಸಾಮಾನ್ಯವಾಗಿ ಮೊನಚಾದ ತುಣುಕುಗಳಿಂದ ಕಡಿದಾದ ಬೆಟ್ಟ ಮಾಡುತ್ತಾರೆ. ಇಲ್ಲಿ ಅದು ಸಲ್ಲದು. ಈ ಬಂಡೆ ತಗ್ಗಾದ, ನುಣುಪಾದ, ಜನ ನಡೆದು ಹತ್ತುವ ಬೆನ್ನು. ಬಾಗಿದ ಸ್ಲೋಪ್‌ಗಳನ್ನು ನಾಲ್ಕೂ ದಿಕ್ಕಿಗೆ ಹಾಸಿ, ನೈಸ್ ಶಿಲೆಯ ಪಟ್ಟೆಗಳು ಕಾಣಲೆಂದು ತಿಳಿಬೂದು, ಕಡುಬೂದು ಮತ್ತು ಮಾಸಿದ ಗುಲಾಬಿ ಬಣ್ಣಗಳನ್ನು ಓರೆ ಸಾಲುಗಳಲ್ಲಿ ಇಟ್ಟೆ. ಮೇಲಿನ ಕೆಂಪೇಗೌಡ ಗೋಪುರ ಈ ಅಳತೆಯಲ್ಲಿ ಬೆರಳ ತುದಿಯಷ್ಟೇ. ಕೆಲವೇ ತುಣುಕುಗಳಲ್ಲಿ ಮುಗಿಯಿತು, ಮುಗಿಯಬೇಕಾದದ್ದೂ ಹಾಗೆಯೇ, ಏಕೆಂದರೆ ಬಂಡೆಯ ಎದುರು ಅದು ನಿಜದಲ್ಲೂ ಚಿಕ್ಕದು.

ತುಣುಕುಗಳನ್ನು ತರಿಸುವವರು ದೊಡ್ಡ ಪಾರದರ್ಶಕ ಪ್ಯಾನೆಲುಗಳನ್ನು ಎಲ್ಲಕ್ಕಿಂತ ಮೊದಲು ಕೈಗೆ ಮಾಡಿಕೊಳ್ಳಬೇಕು. ಅವು ಎಷ್ಟು ಸಿಗುತ್ತವೆ ಎಂಬುದರ ಮೇಲೆಯೇ ತೋಳುಗಳ ಉದ್ದ ನಿಲ್ಲುತ್ತದೆ. ಹಳೆಯ ತುಣುಕುಗಳನ್ನು ಕೊಳ್ಳುವುದಾದರೆ ಪ್ಯಾನೆಲಿನ ಗೀರನ್ನೂ ಹಿಂಜಿನ ಬಿಗಿಯನ್ನೂ ಒಂದೊಂದಾಗಿ ಪರೀಕ್ಷಿಸಿ, ಸಡಿಲವಾದ ಹಿಂಜುಗಳನ್ನು ತೂಕವಿಲ್ಲದ ಮರಗಳ ಬುಡಕ್ಕೆ ಎತ್ತಿಡುವುದು ಒಳ್ಳೆಯದು. ಕಂಪ್ಯೂಟರಿನಲ್ಲಿ ಮೊದಲೇ ಜೋಡಿಸಿ ನೋಡಲು ಬ್ರಿಕ್‌ಲಿಂಕ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶ ಸಾಕಾಗುತ್ತದೆ. ಆದರೆ ಪರದೆಯ ಮೇಲೆ ತುಣುಕುಗಳಿಗೆ ತೂಕವಿಲ್ಲ, ಬಾರ್ ಎಷ್ಟು ಅಲುಗಾಡುತ್ತದೆಂದು ಅದು ತೋರಿಸುವುದಿಲ್ಲ. ಒಂದು ಅಂಕಣವನ್ನು ಕೈಯಲ್ಲಿ ಕಟ್ಟಿ, ಮೇಲಿನಿಂದ ಒತ್ತಿ, ಪಕ್ಕದಿಂದ ತಳ್ಳಿ ನೋಡಿದ ಮೇಲೆಯೇ ಉಳಿದವುಗಳಿಗೆ ತುಣುಕು ತರಿಸಿದೆ.

ಗಾಜಿನ ಮನೆ ಐದು ಭಾಗಗಳಾಗಿ ಬಿಚ್ಚಿಕೊಳ್ಳುತ್ತದೆ: ನಾಲ್ಕು ತೋಳುಗಳು ಮತ್ತು ಕೂಡುಭಾಗ. ಭಾಗಗಳ ನಡುವೆ ಪ್ರತಿ ಬದಿಗೆ ಎರಡೇ ಸ್ಟಡ್‌ಗಳ ಹಿಡಿತ ಇಟ್ಟಿರುವುದರಿಂದ ಎತ್ತುವಾಗ ಕಂಬಗಳ ಮೇಲೆ ಎಳೆತ ಬೀಳುವುದಿಲ್ಲ. ಮರಗಳನ್ನು ಮೊದಲು ತೆಗೆದು ನಿಲ್ಲಿಸಿಯೇ ಸಾಗಿಸಬೇಕು. ದೂಳಿಗೆ ಮೆತ್ತನೆಯ ಬಣ್ಣದ ಕುಂಚ ಸಾಕು. ಪ್ಯಾನೆಲುಗಳನ್ನು ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದಾದ್ದರಿಂದ ಬಿಚ್ಚಿ, ಸೋಪಿನ ನೀರಿನಲ್ಲಿ ಅದ್ದಿ, ಆರಲು ಬಿಡುತ್ತೇನೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬೂದು ತುಣುಕುಗಳನ್ನು ಕಾಲಕ್ರಮೇಣ ಹಳದಿಗೆ ತಿರುಗಿಸುತ್ತದೆ. ಹಾಗಾಗಿ ಹಲಗೆಯನ್ನು ಕಿಟಕಿಯಿಂದ ದೂರವಿಟ್ಟು, ಗಾಜಿನ ಮಾಡು ಹೊಳೆಯುವಂತೆ ಮೇಲಿನಿಂದ ಓರೆಯಾಗಿ ಬೀಳುವ ಒಂದು ಸಣ್ಣ ಎಲ್‌ಇಡಿ ದೀಪವನ್ನು ಹಾಕಿದ್ದೇನೆ. ಮುಂದಿನ ಕೆಲಸ ಆಗಸ್ಟ್ ತಿಂಗಳ ಮರಗಳದ್ದು. ಸ್ವಾತಂತ್ರ್ಯೋತ್ಸವದ ಪ್ರದರ್ಶನದ ಹೊತ್ತಿಗೆ ಬೂರುಗದಲ್ಲಿ ಎಲೆ ತುಂಬಿರುತ್ತದೆ. ಅದೇ ಕಾಂಡಕ್ಕೆ ಸಿಕ್ಕಿಸಬಹುದಾದ ಎಲೆಯ ಕೊಂಬೆಗಳ ಎರಡನೆಯ ಜೋಡಿಯನ್ನು ಈಗ ಕಟ್ಟುತ್ತಿದ್ದೇನೆ.